ನೀರು ಬಚ್ಚಿಟ್ಟುಕೊಂಡ ಗೋಡೆ

1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿಗೆ ಬೆಂಕಿ ಬಿತ್ತು. ಉರಿದದ್ದು ನೆಲ ಅಂತಸ್ತು. ಆದರೆ ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಇದ್ದದ್ದು ಜ್ವಾಲೆ ತಲುಪದ ಮೇಲಿನ ಅಂತಸ್ತುಗಳಲ್ಲಿ. ಲಿಫ್ಟಿನ ಬಾವಿ, ಮೆಟ್ಟಿಲ ಗೂಡು, ಗೋಡೆಗಳ ಸಂದುಗಳ ಮೂಲಕ ಏರಿದ ಹೊಗೆ ಅವರ ಉಸಿರು ಕಟ್ಟಿಸಿತ್ತು.

ಲಿಫ್ಟ್, ಮೆಟ್ಟಿಲು, ಕೊಳವೆ, ವಿದ್ಯುತ್ ತಂತಿಗಳಿಗಾಗಿ ಕಟ್ಟಡದ ಬುಡದಿಂದ ತುದಿಯವರೆಗೆ ಬಿಡುವ ಇಂಥ ಟೊಳ್ಳುಗಳಿಗೆ ಶಾಫ್ಟ್ ಎಂದು ಹೆಸರು. ಬಿಸಿಗಾಳಿ ಹಗುರವಾದ್ದರಿಂದ ಮೇಲೇರುತ್ತದೆ. ಹಳೆಯ ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವುದೂ ಹೀಗೆಯೇ. ಶಾಫ್ಟ್ ಹೊಗೆಗೂಡಾಗದಂತೆ ನೋಡಿಕೊಳ್ಳುವುದು ಅದರ ಸುತ್ತಲಿನ ಗೋಡೆಯ ಕೆಲಸ.

ಮೊದಲು ಈ ಗೋಡೆಗಳನ್ನು ಇಟ್ಟಿಗೆ, ಕಾಂಕ್ರೀಟಿನಲ್ಲಿ ಕಟ್ಟುತ್ತಿದ್ದರು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ 110 ಅಂತಸ್ತಿನ ಜೋಡಿ ಗೋಪುರಗಳಿಗೆ ಅದು ತೀರಾ ಭಾರವೆನಿಸಿತು. ಆಗ ಬಂದದ್ದು ಜಿಪ್ಸಂ ಹಲಗೆಗಳ ಹಗುರ ಗೋಡೆ. ಇಂದಿನ ಗೋಡೆಯಲ್ಲಿ 25 ಮಿ.ಮೀ. ದಪ್ಪದ ಹಲಗೆಗಳನ್ನು ಉಕ್ಕಿನ ತಗಡಿನ ಕಂಬಗಳ ಗಾಡಿಯಲ್ಲಿ ಸೇರಿಸುತ್ತಾರೆ. ಕೆಲಸಗಾರ ಅಂತಸ್ತಿನ ನೆಲದ ಮೇಲೆ ನಿಂತೇ ಕೆಲಸ ಮುಗಿಸಬಹುದು. ನೂರಾರು ಅಡಿ ಆಳದ ಬಾವಿಯೊಳಗೆ ಸಾರವೆ ಕಟ್ಟಬೇಕಿಲ್ಲ.

ಇಷ್ಟು ತೆಳು ಹಲಗೆ ಬೆಂಕಿಯನ್ನು ತಡೆಯುವುದು ಹೇಗೆ? ಶಾಲೆಯ ಸೀಮೆಸುಣ್ಣದಲ್ಲಿ ಬಹುಮಟ್ಟಿಗೆ ಇರುವುದು ಈ ಜಿಪ್ಸಮ್ಮೇ. ಮುರಿದ ಕೈಗೆ ಡಾಕ್ಟರು ಹಾಕುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಇದೇ ಕಲ್ಲನ್ನು ಸುಟ್ಟು ಮಾಡಿದ ಪುಡಿ. ಇದರ ರಾಸಾಯನಿಕ ಹೆಸರು ಕ್ಯಾಲ್ಸಿಯಂ ಸಲ್ಫೇಟ್; ಪ್ರತಿ ಅಣುವಿಗೂ ಎರಡು ನೀರಿನ ಅಣುಗಳು ಅಂಟಿಕೊಂಡಿವೆ. ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು: ಒಟ್ಟು ಅಣುತೂಕ 172, ಅದರಲ್ಲಿ ನೀರಿನ ಪಾಲು 36. ಅಂದರೆ ತೂಕದ ಐದನೆಯ ಒಂದು ಭಾಗ ನೀರು! ಒಂದು ಚದರ ಮೀಟರ್ ಹಲಗೆಯಲ್ಲಿ ಸುಮಾರು 4 ಲೀಟರ್. ಮುಟ್ಟಿದರೆ ಮಾತ್ರ ಒಣ ಒಣ.

ಬೆಂಕಿ ತಗುಲಿದಾಗ ಈ ನೀರು ಬಿಡಿಸಿಕೊಂಡು ಆವಿಯಾಗುತ್ತದೆ. ಬೆಂಕಿಯ ಶಾಖ ಆ ಕೆಲಸಕ್ಕೇ ಖರ್ಚಾಗುವುದರಿಂದ, ನೀರು ತೀರುವವರೆಗೆ ಹಲಗೆಯ ಹಿಂಬದಿ ನೀರು ಕುದಿಯುವ ಬಿಸಿಗಿಂತ ಹೆಚ್ಚು ಮೇಲೇರದು. ನೀರು ಹೋದ ಮೇಲೆ ಹಲಗೆ ಕುಗ್ಗಿ ಬಿರುಕು ಬಿಡುತ್ತದೆ. ಅದನ್ನು ಹಿಡಿದಿಡಲು ಗಾಜಿನ ನಾರು ಬೆರೆಸಿರುತ್ತಾರೆ. ಎರಡು ಗಂಟೆ ತಡೆಯುವ ಗೋಡೆ ಎಂದು ಅಮೆರಿಕದಲ್ಲಿ ಹೆಸರು ಪಡೆಯಲು ಅದು ಕೊನೆಗೆ ಸುಮಾರು 1010 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಕುಲುಮೆಯ ಎದುರು ನಿಲ್ಲಬೇಕು. ಕಾದ ಗೋಡೆಗೆ ಅಗ್ನಿಶಾಮಕ ಕೊಳವೆಯಿಂದ ನೀರನ್ನೂ ಬಿಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಬೀಳುವ ಪೆಟ್ಟೆಂದರೆ ಆ ನೀರಿನದೊಂದೇ.

ಇದರ ಬೆಲೆ ತಿಳಿದದ್ದು 2001ರ ಸೆಪ್ಟೆಂಬರ್ 11ರಂದು. ವಿಮಾನ ಬಡಿದಾಗ ಉತ್ತರ ಗೋಪುರದ ಮೂರೂ ಮೆಟ್ಟಿಲುದಾರಿಗಳು ಮುಚ್ಚಿಹೋದವು. ಜಿಪ್ಸಂ ಗೋಡೆಗಳು ಕಿತ್ತು ಮೆಟ್ಟಿಲ ಮೇಲೆ ಬಿದ್ದಿದ್ದವು. ಅಲ್ಲಿಂದ ಮೇಲಿದ್ದ ಒಬ್ಬರೂ ಉಳಿಯಲಿಲ್ಲ. ದಕ್ಷಿಣ ಗೋಪುರದಲ್ಲಿ ಏಟಿನಿಂದ ದೂರವಿದ್ದ ಒಂದು ಮೆಟ್ಟಿಲು ಕೆಲಕಾಲ ತೆರೆದಿತ್ತು. ಏಟು ಬಿದ್ದ ಅಂತಸ್ತುಗಳಿಂದಲೂ ಅದಕ್ಕೂ ಮೇಲಿನಿಂದಲೂ 18 ಮಂದಿ ಇಳಿದು ಬಂದರು. ವಿಮಾನವನ್ನೇ ತಡೆಯುವ ಗೋಡೆಯನ್ನು ಯಾರೂ ಕಟ್ಟಲಾರರು, ನಿಜ. ಆದರೂ 2009ರ ಅಮೆರಿಕದ ಮಾದರಿ ಕಟ್ಟಡ ಸಂಹಿತೆಯು 420 ಅಡಿಗಿಂತ ಎತ್ತರದ ಕಟ್ಟಡಗಳ ಮೆಟ್ಟಿಲು ಮತ್ತು ಲಿಫ್ಟಿನ ಗೋಡೆಗಳಿಗೆ ಹೊಡೆತದ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು.

ಗೋಡೆ ಇಟ್ಟಿಗೆಯದಾಗಲಿ ಜಿಪ್ಸಮ್ಮಿನದಾಗಲಿ, ಶಾಫ್ಟಿನಲ್ಲಿ ತೂತು ಬಿದ್ದರೆ ಹೊಗೆಗೆ ದಾರಿ ಸಿಕ್ಕಂತೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗ, ಹೊಗೆ ಎದ್ದದ್ದು ವಿದ್ಯುತ್ ತಂತಿಗಳ ಡಕ್ಟಿನಿಂದ. ತಂತಿಗಳ ಶಾಫ್ಟನ್ನು ಪ್ರತಿ ಅಂತಸ್ತಿನಲ್ಲೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕೆಂದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬಿಸಿಗೆ ಉಬ್ಬಿ ಸಂದು ತುಂಬುವ ವಿಶೇಷ ಮೆತ್ತು ಅಂಗಡಿಯಲ್ಲಿ ಸಿಗುತ್ತದೆ. ಹೊಸ ಇಂಟರ್‌ನೆಟ್ ತಂತಿ ಎಳೆಯಲು ಬಂದವರು ತೂತು ಕೊರೆದು ಹಾಗೆಯೇ ಬಿಟ್ಟುಹೋಗುವುದುಂಟು. ಆ ಡಕ್ಟಿನ ಬಾಗಿಲು ತೆರೆದರೆ ಕಾಣುವುದು ಬಹಳ ಕಡೆ ಪೊರಕೆ, ಹಳೆಯ ಪೇಪರಿನ ಕಟ್ಟು.