ಮುದ್ರೆ ಒತ್ತುವವನು ಯಾರ ಆಳು?

ಅಂಗಡಿಯವನ ತಕ್ಕಡಿಗೆ ಮುದ್ರೆ ಬೇಕು, ಒತ್ತುವವನು ಅಂಗಡಿಯವನಲ್ಲ. ಗಿರಣಿಯ ಬಾಯ್ಲರಿಗೆ ಸರ್ಟಿಫಿಕೇಟು ಬೇಕೆಂದು 1923ರಲ್ಲೇ ಕಾಯಿದೆಯಾಯಿತು. ಹಾಗಾದರೆ ರೋಗಿಯನ್ನೇ ಒಳಗಿಟ್ಟು, ಬಾಗಿಲು ಬಿಗಿದು, ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆಗೆ? ಮಾಯದ ಗಾಯಕ್ಕೆ ಅದು ಒಳ್ಳೆಯ ಚಿಕಿತ್ಸೆಯೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಆಮ್ಲಜನಕ ಹೆಚ್ಚಿದಲ್ಲಿ ಒಂದು ಕಿಡಿ ಸಾಕು.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಇಂಥ ಚಿಕಿತ್ಸಾಲಯಕ್ಕೆ ಸರಕಾರದ ಲೈಸೆನ್ಸೇ ಬೇಕಿರಲಿಲ್ಲ. 2025ರ ಜನವರಿ 31ರಂದು ಅಲ್ಲಿನ ಟ್ರಾಯ್ ಪಟ್ಟಣದಲ್ಲಿ ಐದು ವರ್ಷದ ಹುಡುಗನೊಬ್ಬ ಕೋಣೆಯೊಳಗೇ ಸುಟ್ಟು ಸತ್ತ. ವಾರ್ಷಿಕ ತಪಾಸಣೆಯೇ ನಡೆದಿರಲಿಲ್ಲವೆಂದು ಸರಕಾರಿ ವಕೀಲರ ಆರೋಪ. ನಾಲ್ವರ ಮೇಲೆ ಮೊಕದ್ದಮೆ ಬಿತ್ತು. ಯಂತ್ರ ನಡೆಸಿದ ನೌಕರಳೂ ಅವರಲ್ಲೊಬ್ಬಳು. ಲಾಭ ಎಣಿಸುವಾಗ ಆಕೆಯನ್ನು ಯಾರು ಕರೆದಿದ್ದರು?

ಇಟಲಿಯ ಮಿಲಾನಿನ ಕಥೆ ಇನ್ನೂ ಕಹಿ. 1997ರ ಅಕ್ಟೋಬರ್ 31ರಂದು ಆಸ್ಪತ್ರೆಯೊಂದರ ಕೋಣೆಯಲ್ಲಿ ಹತ್ತು ರೋಗಿಗಳೂ ಒಬ್ಬ ದಾದಿಯೂ ಬೆಂದುಹೋದರು. ಬೆಂಕಿ ಆರಿಸುವ ಕೊಳವೆ ಇತ್ತು, ತೊಟ್ಟಿಯಲ್ಲಿ ನೀರಿರಲಿಲ್ಲ! ಇದನ್ನು ಕಂಡುಹಿಡಿಯಲು ವಿಜ್ಞಾನಿ ಬೇಕೆ? ನಲ್ಲಿ ತಿರುಗಿಸಿ ನೋಡುವ, ಮಾಲೀಕನ ಸಂಬಳ ತಿನ್ನದ ಒಬ್ಬ ಮನುಷ್ಯ ಸಾಕಿತ್ತು.

ಇನ್‌ಸ್ಪೆಕ್ಟರು ಬಂದರೆ ಮಾಮೂಲಿಯೂ ಬರುತ್ತದೆ ಎನ್ನುವವರಿದ್ದಾರೆ. ವರ್ತಕ ಮಿತ್ರರಿಗೆ ಆ ರುಚಿ ಚೆನ್ನಾಗಿ ಗೊತ್ತು, ನಮಗೂ ಗೊತ್ತು. ಓಡಿಸಬೇಕಾದ್ದು ಮಾಮೂಲಿ ತಿನ್ನುವವನನ್ನು, ತಪಾಸಣೆಯನ್ನಲ್ಲ.

ಬೆಂಗಳೂರಿನ ಆಸ್ಪತ್ರೆಗಳಿಗೂ ಈ ಕೋಣೆಗಳು ಬಂದಿವೆ. ತಪಾಸಣೆಯ ಶುಲ್ಕ ಸರಕಾರದ ಖಜಾನೆಗೆ ಹೋಗಲಿ, ಇನ್‌ಸ್ಪೆಕ್ಟರಿಗೆ ಸಂಬಳ ಅಲ್ಲಿಂದಲೇ ಬರಲಿ. ಕೋಣೆಗೆ ಬೀಗ ಹಾಕುವ ಅಧಿಕಾರ ಅವನಿಗಿರಲಿ. ವರದಿಯನ್ನು ಬಾಗಿಲಿಗೇ, ಕನ್ನಡದಲ್ಲಿ, ತೂಗುಹಾಕಲಿ.