ನಾಯಿಮರಿಯ ಮೊದಲ ತಿರುಗಾಟ

ನಾಯಿಮರಿಯನ್ನು ಮನೆಗೆ ತಂದವರಿಗೆ ಪಶುವೈದ್ಯರು ಹೇಳುವ ಮಾತೊಂದುಂಟು: ಲಸಿಕೆಗಳೆಲ್ಲ ಮುಗಿಯುವವರೆಗೆ ಅದನ್ನು ಬೀದಿಗೆ ಬಿಡಬೇಡಿ. ಮಾತು ಸರಿಯಾದುದೇ. ಆದರೆ ನಮ್ಮಲ್ಲಿ ಅನೇಕರು ಅದನ್ನು, ನಾಲ್ಕು ತಿಂಗಳು ತುಂಬುವ ತನಕ ಮರಿ ಹೊಸ್ತಿಲನ್ನೇ ದಾಟಕೂಡದೆಂದು ಅರ್ಥಮಾಡಿಕೊಳ್ಳುತ್ತಾರೆ. ಈ ಅರ್ಥ ತಪ್ಪೆಂದೂ ಇದರಿಂದ ಮರಿಗೆ ಕೇಡೇ ಆಗುವುದೆಂದೂ ನನ್ನ ಅಭಿಪ್ರಾಯ.

ವೈದ್ಯರ ಅಂಜಿಕೆಗೆ ಬಲವಾದ ಕಾರಣವಿದೆ. 1978ರ ಸುಮಾರಿಗೆ ನಾಯಿಗಳಲ್ಲಿ ಪಾರ್ವೋ ಎಂಬ ವೈರಸ್ ಕಾಣಿಸಿಕೊಂಡು, ಎರಡು ಮೂರು ವರ್ಷಗಳಲ್ಲೇ ಪ್ರಪಂಚವನ್ನೆಲ್ಲ ವ್ಯಾಪಿಸಿತು. ರೋಗ ತಗಲಿದ ನಾಯಿಯ ಮಲದಿಂದ ಮಣ್ಣಿಗೆ ಸೇರಿದ ಈ ವೈರಸ್ ಅಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಹಾಗಾದರೆ ಒಂದೇ ಸಲ ಲಸಿಕೆ ಚುಚ್ಚಿಸಿ ನಿಶ್ಚಿಂತರಾಗಿರಬಾರದೇಕೆ? ತಾಯಿಯ ಗಿಣ್ಣುಹಾಲಿನಿಂದ ಮರಿಗೆ ದೊರೆತ ಪ್ರತಿಕಾಯಗಳು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಯಾವ ವಾರ ಕ್ಷೀಣಿಸುವುವೆಂಬುದು ಮರಿಯಿಂದ ಮರಿಗೆ ಬೇರೆ. ಆದುದರಿಂದಲೇ ಆರು ಅಥವಾ ಎಂಟನೆಯ ವಾರದಲ್ಲಿ ಆರಂಭಿಸಿದ ಲಸಿಕೆಯನ್ನು ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೆ, ಮತ್ತೆ ಮತ್ತೆ ಕೊಡುವುದು.

ಅಷ್ಟರಲ್ಲಿ ಇನ್ನೊಂದು ಬಾಗಿಲು ಮುಚ್ಚಿಕೊಳ್ಳುತ್ತಿರುತ್ತದೆ. ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಅಮೆರಿಕದ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಸ್ಮರಣೀಯ. ಎತ್ತರವಾದ ಬೇಲಿಯೊಳಗೆ, ಮನುಷ್ಯರ ಒಡನಾಟವಿಲ್ಲದೆ, ಅವರು ಮರಿಗಳನ್ನು ಬೆಳೆಯಿಸಿದರು. ಎರಡು, ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಂದೊಂದು ಗುಂಪನ್ನು ಹೊರತಂದು, ಒಂದು ವಾರ ಮಾತ್ರ ಮನುಷ್ಯರೊಡನೆ ಇರಿಸಿ, ಮರಳಿ ಒಳಗೆ ಬಿಟ್ಟರು. ಕೆಲವು ಮರಿಗಳನ್ನು ಹದಿನಾಲ್ಕನೆಯ ವಾರದವರೆಗೂ ಹೊರತರಲಿಲ್ಲ. ಕೊನೆಗೆ ಎಲ್ಲವನ್ನೂ ಪರೀಕ್ಷಿಸಿದರು. ಕೊರಳಿಗೆ ಹಗ್ಗ ಕಟ್ಟಿ ನಡೆಸುವುದೂ ಆ ಪರೀಕ್ಷೆಗಳಲ್ಲೊಂದು. ಐದರಿಂದ ಒಂಬತ್ತನೆಯ ವಾರದ ನಡುವೆ ಮನುಷ್ಯರನ್ನು ಕಂಡಿದ್ದವು ಸುಲಭವಾಗಿ ಹೊಂದಿಕೊಂಡವು. ಹದಿನಾಲ್ಕು ವಾರ ಯಾರನ್ನೂ ಕಾಣದಿದ್ದವು ಕಾಡುಮೃಗಗಳಂತೆ ಬೆದರಿದವು. ಬಳಿಕ ಎಷ್ಟು ಮುದ್ದಿಸಿದರೂ ಆ ಅಂಜಿಕೆ ಬಹುಮಟ್ಟಿಗೆ ಉಳಿದೇ ಇತ್ತು.

ಮನೆಯಲ್ಲಿ ಬೆಳೆಯುವ ಮರಿ ಮನುಷ್ಯರನ್ನು ಕಾಣುವುದಲ್ಲವೆ ಎನ್ನಬಹುದು. ಕಾಣುವುದು ನಾಲ್ವರನ್ನು! ನಮ್ಮ ನೆರೆಯವರೊಬ್ಬರು ತಮ್ಮ ಮರಿಯನ್ನು ಐದು ತಿಂಗಳು ತಾರಸಿಯ ಮೇಲೆಯೇ ಸಾಕಿದರು. ಅದಕ್ಕೆ ಯಾವ ರೋಗವೂ ಬರಲಿಲ್ಲ. ಆದರೆ ಇಂದು ಬಿಚ್ಚಿದ ಕೊಡೆಯನ್ನು ಕಂಡರೂ ಅದು ನಡುಗುತ್ತದೆ. ಹಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ಹಲ್ಲು ಕಿರಿಯುತ್ತದೆ. ಒಂದೆರಡು ಸಲ ಕಚ್ಚಲು ಹೋದ ಮೇಲೆ ಅದರ ಬಾಳೆಲ್ಲ ಸರಪಳಿಯ ಉದ್ದಕ್ಕೆ ಸೀಮಿತವಾಗಿದೆ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಅತಿ ಸರಳ: ಮರಿಯನ್ನು ಎತ್ತಿಕೊಂಡು ಹೋಗುವುದು. ತೋಳಿನಲ್ಲೋ ಕೈಚೀಲದಲ್ಲೋ ಕುಳಿತು ಅದು ಆಟೋರಿಕ್ಷಾದ ಸದ್ದನ್ನು ಕೇಳಲಿ. ಕೋಲೂರಿ ಬರುವ ಅಜ್ಜನನ್ನೂ ಶಾಲೆ ಬಿಟ್ಟು ಓಡಿಬರುವ ಮಕ್ಕಳನ್ನೂ ನೋಡಲಿ. ಬೀದಿನಾಯಿಗಳು ಸುಳಿಯುವ ನೆಲಕ್ಕೆ ಮಾತ್ರ ಕಾಲು ತಾಗಬಾರದು. ಲಸಿಕೆ ಹಾಕಿಸಿದ ಆರೋಗ್ಯವಂತ ನಾಯಿಯಿರುವ ಗೆಳೆಯರ ಮನೆಯಂಗಳದಲ್ಲಿ ಅದನ್ನು ಇಳಿಸಬಹುದು. ಅಮೆರಿಕದ ಪಶುವರ್ತನ ವೈದ್ಯರ ಸಂಘವೂ 2008ರಲ್ಲಿ, ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮರಿಗಳನ್ನು ಶುಚಿಯಾದ ಸ್ಥಳದ ತರಗತಿಗಳಿಗೆ ಸೇರಿಸಬಹುದೆಂದು ಹೇಳಿದೆ. ಬಾಲ ಮುದುಡಿತೆಂದರೆ ಬಲವಂತ ಕೂಡದು, ದೂರ ಸರಿಯಬೇಕು. ಹೆದರಿಸಿ ತೋರಿಸಿದುದು ಅಂಜಿಕೆಯ ಪಾಠವೇ ಆದೀತು.

ಲಸಿಕೆಗಳು ಮುಗಿದು, ಹುಚ್ಚುನಾಯಿ ರೋಗದ ಲಸಿಕೆಯೂ ಆದ ಬಳಿಕ ನಡೆಯಿಸುವ ಕಾಲ ಬರುತ್ತದೆ. ಆಗಲೂ ಮರಿಯ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ದೂರವನ್ನು ಅದೇ ನಿಶ್ಚಯಿಸಲಿ. ಬೇಸಗೆಯ ನಡುಹಗಲಿನಲ್ಲಿ ಟಾರುರಸ್ತೆಗೆ ಕರೆದೊಯ್ಯುವ ಮುನ್ನ ನಿಮ್ಮ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡಿ. ಕೆಲವು ಕ್ಷಣ ತಾಳಲಾರದಷ್ಟು ಬಿಸಿಯಿದ್ದರೆ ಸಂಜೆಯವರೆಗೆ ಕಾಯಿರಿ. ದಾರಿಯ ನಡುವೆ ಮರಿ ಕುಳಿತುಬಿಟ್ಟರೆ ಹಗ್ಗ ಜಗ್ಗದೆ, ಮೊದಲಿನಂತೆ ಎತ್ತಿಕೊಂಡು ಮನೆಗೆ ಬನ್ನಿ.