ಅಂಕ ಗುಮಟೆಗೋ, ಹೆಸರಿಗೋ?
ಕಾರವಾರ, ಅಂಕೋಲಾ ಕಡೆ ಗುಮಟೆ ಬಾರಿಸುತ್ತ ಹಾಡುವ ಗುಮಟೆ ಪಾಂಗ್ ಸ್ಪರ್ಧೆ ಮುಗಿದು ಬಹುಮಾನ ಕೂಗುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಗೊಣಗಾಟ ಏಳುವುದುಂಟು: ‘ಅವರಿಗೇ ಬರೋದು ಬಿಡು, ಹೋದ ವರ್ಷವೂ ಅವರೇ ಅಲ್ವಾ?’ ಇದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ಈ ಕಡೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ನೋಡಲು ಸಾದಾ ಮಣ್ಣಿನ ಗಡಿಗೆ. ಅಗಲ ಬಾಯಿಗೆ ಬಿಗಿದ ಚರ್ಮದ ಮೇಲೆ ಒಂದು ಕೈ ಬಾರಿಸುತ್ತಿದ್ದರೆ, ಇನ್ನೊಂದು ಅಂಗೈ ಕಿರಿಬಾಯನ್ನು ಮುಚ್ಚಿ ತೆರೆದು ನಾದ ಏರಿಳಿಸುತ್ತದೆ. ಹಲವು ಗುಮಟೆಗಳ ನಡುವೆ ಒಂದು ಪೆಟ್ಟು ತಡವಾಯಿತೆನ್ನಿ. ತೀರ್ಪುಗಾರರ ಕಿವಿಗೆ, ಹೆಸರಾದ ತಂಡದ್ದಾದರೆ ಅದು ‘ಲಯದ ಆಟ’, ಹೊಸ ಹುಡುಗರದ್ದಾದರೆ ‘ತಾಳ ತಪ್ಪಿತು’. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಪ್ರಭಾವಳಿ ಎಂದು ಕರೆದ: ಒಂದು ಗುಣ ಮೆಚ್ಚಿದರೆ ಉಳಿದವೂ ಚೆನ್ನಾಗಿಯೇ ಕಾಣುತ್ತವೆ. ಅಮೆರಿಕದ ಡ್ರಮ್ ಕೋರ್ ಎಂಬ ವಾದ್ಯಮೇಳದ ಸ್ಪರ್ಧೆಗಳಲ್ಲಿ ಬ್ಲೂ ಡೆವಿಲ್ಸ್ ತಂಡ 20ಕ್ಕೂ ಹೆಚ್ಚು ಸಲ ವಿಶ್ವ ಪ್ರಶಸ್ತಿ ಗೆದ್ದಿದೆ. ಅಲ್ಲಿಯೂ ‘ಹೆಸರಿಗೇ ಅಂಕ’ ಎಂಬ ಅನುಮಾನ ತಪ್ಪಿದ್ದಲ್ಲ. ಹಾಗೆಂದು ಗೆದ್ದವರನ್ನು ಹಳಿಯುವುದೂ ಸಲ್ಲ. ಗೆದ್ದ ತಂಡಕ್ಕೆ ಒಳ್ಳೆಯ ಕೈಗಳು ತಾವಾಗಿ ಬಂದು ಸೇರುತ್ತವೆ, ತಾಲೀಮೂ ಹೆಚ್ಚುತ್ತದೆ. ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ: ವೇದಿಕೆಯಲ್ಲಿ ತಂಡದ ಹಳೆಯ ಬಹುಮಾನಗಳ ಪಟ್ಟಿ ಓದಬೇಡಿ. ಚೀಟಿ ಎತ್ತಿ, ಹೆಸರಿನ ಬದಲು ಬರೀ ಸಂಖ್ಯೆ ಕೂಗಿ. ಲಯ, ಹಾಡು, ಹೊಂದಾಣಿಕೆಗೆ ಬೇರೆಬೇರೆ ಅಂಕ ಕೊಡಿಸಿ, ಅಂಕಪಟ್ಟಿಯನ್ನು ಅಲ್ಲೇ ಗೋಡೆಗೆ ಅಂಟಿಸಿ. ಸೋತವನಿಗೆ ಬೇಕಾದದ್ದು ಸಮಾಧಾನದ ಬಹುಮಾನವಲ್ಲ, ತಾನು ಸೋತದ್ದೆಲ್ಲಿ ಎಂಬ ಲೆಕ್ಕ.